ಎ ಇರಬೇಕಾದ ಜಾಗದಲ್ಲಿ ಇ

ಒಂಬತ್ತೇ ಒಂಬತ್ತು ಅಕ್ಷರ! ಅಷ್ಟನ್ನು ಜೋಡಿಸಿ, ಅದರೊಳಗಿನ ಪದಗಳನ್ನು ಹೆಕ್ಕಿ ತೆಗೆಯುವುದಕ್ಕೆ ಒಬ್ಬ ಗಂಡಸಿಗೆ ಹೆಂಡತಿಯ ಸಹಾಯ ಬೇಕೇ? ಬೇಡವೇ ಬೇಡ! ಇನ್ನು ಮುಂದೆ ‘ಥಾರ್ನ್‌ಬೆಕ್ ಎಕೋ’ ಪತ್ರಿಕೆಯ ಪದಚಕ್ರವನ್ನು ನಾನೊಬ್ಬನೇ, ಯಾರ ಹಂಗೂ ಇಲ್ಲದೆ, ನಿಘಂಟನ್ನೂ ಮುಟ್ಟದೆ, ಬರೀ ತಲೆಯ ಬಲದಿಂದ ಕಟ್ಟುತ್ತೇನೆ ಎಂದು ಆ ಸೋಮವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತು ಘೋಷಿಸಿದೆ. ಸಭಿಕರು ಒಬ್ಬರೇ. ನನ್ನ ಹೆಂಡತಿ ಎನಿಡ್.

“ಆಗಲಿ,” ಅಂದಳು. “ಚಹಾ ಬೇಕಾ?”

ಆ ಚಹಾದಲ್ಲಿ ಸಕ್ಕರೆಯೂ ಇತ್ತು, ವಿಷವೂ ಇತ್ತು. ವಿಷದ ಮೂಲ ಹೇಳಿಬಿಡುತ್ತೇನೆ.

ನಮ್ಮೂರ ಎಕೋ ಪ್ರತಿ ಶುಕ್ರವಾರ ಬರುವ ಪತ್ರಿಕೆ. ಕಳೆದುಹೋದ ಬೆಕ್ಕು, ಕೆಟ್ಟುಹೋದ ರಸ್ತೆ, ತೀರಿಹೋದ ಜನ ಇವೆಲ್ಲ ಮುಗಿದ ಮೇಲೆ ಕೊನೆಯ ಪುಟದಲ್ಲಿ ನನ್ನ ಪದಚಕ್ರ. ಸುತ್ತಲೂ ಎಂಟು ಅಕ್ಷರ, ನಡುವೆ ಒಂದು. ನಡುವಿನ ಅಕ್ಷರ ಪ್ರತಿಯೊಂದು ಪದದಲ್ಲೂ ಬರಬೇಕು. ಒಂಬತ್ತನ್ನೂ ಬಳಸಿದ ದೊಡ್ಡ ಪದ ಒಂದು ಒಳಗೆ ಅಡಗಿರುತ್ತದೆ. ಅದರ ಉತ್ತರ ಮುಂದಿನ ಶುಕ್ರವಾರ. ಚಕ್ರದ ಕೆಳಗೆ ದಪ್ಪಕ್ಷರದಲ್ಲಿ ‘ಲೆನರ್ಡ್ ಪಿಕರ್ಸ್‌ಗಿಲ್’ ಎಂದು ನನ್ನ ಹೆಸರು. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಆ ಹೆಸರಿನಿಂದಲೇ ಊರಿನಲ್ಲಿ ನನಗೆ ತೂಕ. ಜನ ನನ್ನನ್ನು ಪದಸಾಮ್ರಾಟ ಎನ್ನುತ್ತಿದ್ದರು. ನಾನು ಬೇಡ ಎನ್ನಲಿಲ್ಲ.

ಸಾಮ್ರಾಜ್ಯ ನಡೆಯುತ್ತಿದ್ದ ರೀತಿ ಹೀಗೆ. ದೊಡ್ಡ ಪದವೊಂದನ್ನು ನಾನು ಆರಿಸುತ್ತಿದ್ದೆ. ಉಳಿದ ಪದಗಳನ್ನೆಲ್ಲ ಎನಿಡ್ ಆಲೂಗಡ್ಡೆ ಸಿಪ್ಪೆ ಹೆರೆಯುತ್ತಾ, ನನ್ನತ್ತ ಬೆನ್ನು ಮಾಡಿಕೊಂಡೇ, ಮಂತ್ರ ಹೇಳಿದ ಹಾಗೆ ಹೇಳುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ. ಬರೆದವನೇ ತಾನೇ ಲೇಖಕ! ಕೊನೆಗೆ ಅವಳು ಕೈ ಒರೆಸಿಕೊಂಡು ನನ್ನ ಹಾಳೆಯನ್ನೊಮ್ಮೆ ನೋಡಿ, ಪೆನ್ಸಿಲಿನಿಂದ ಅಲ್ಲೊಂದು ಇಲ್ಲೊಂದು ಅಕ್ಷರ ತಿದ್ದುತ್ತಿದ್ದಳು. ಅದನ್ನು ನಾನು ಅಲಂಕಾರವೆಂದು ಭಾವಿಸಿದ್ದೆ.

ಹೀಗಿರುವಾಗ, ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮ ಬೌಲ್ಸ್ ಕ್ಲಬ್ಬಿನ ವಾರ್ಷಿಕ ಊಟ ಬಂತು. ಪುಡಿಂಗ್ ಬಡಿಸುವ ಹೊತ್ತಿಗೆ ಅಧ್ಯಕ್ಷರು ಎದ್ದು ನನ್ನನ್ನು ಹೊಗಳಿ, “ಮನೇಲಿ ಎನಿಡ್ ಏನಾದ್ರೂ ಸಹಾಯ ಮಾಡ್ತಾರೋ?” ಎಂದು ಕೇಳಿದರು.

“ಮಾಡದೆ ಏನು!” ಅಂದೆ ನಾನು, ಗ್ಲಾಸು ಎತ್ತಿ. “ಚಹಾ ಮಾಡ್ತಾಳೆ!”

ಸಭೆ ಬಿದ್ದು ಬಿದ್ದು ನಕ್ಕಿತು. ಎನಿಡ್ ಎಲ್ಲರಿಗಿಂತ ಜೋರಾಗಿ ನಕ್ಕಳು. ಕಾರಿನಲ್ಲಿ ಮನೆಗೆ ಬರುವಾಗ ಒಂದು ಮಾತೂ ಆಡಲಿಲ್ಲ. ಪುಡಿಂಗ್ ಜೀರ್ಣವಾಗಲಿಲ್ಲವೇನೋ ಎಂದುಕೊಂಡೆ. ನನ್ನ ತಿಳಿವಳಿಕೆಯ ಆಳ ಅಷ್ಟು!

ಮಾರನೆಯ ಸೋಮವಾರ ನಾನು ಕಾಗದ ಹರಡಿ, “ಎಲ್ಲಿ, ಎನಿಡ್, ಪಿ ಇರೋ ಪದ ಒಂದೊಂದೇ ಬಿಡು ನೋಡೋಣ” ಅಂದೆ.

ಅವಳು ನನ್ನ ಮುಂದೆ ಒಂದು ಲೋಟ ಚಹಾ ಇಟ್ಟಳು.

“ಚಹಾ ಅಲ್ಲ ಕಣೇ, ಪದ!”

ಇನ್ನೊಂದು ಲೋಟ ಇಟ್ಟಳು. “ನನಗೆ ಬರೋದು ಇದೇ. ಬೌಲ್ಸ್ ಕ್ಲಬ್ಬಿಗೆಲ್ಲಾ ಗೊತ್ತು.”

ಮೇಜಿನ ಮೇಲೆ ನಾಲ್ಕು ಲೋಟ ಸಾಲಾಗಿ ನಿಂತು ಹೊಗೆಯಾಡತೊಡಗಿದಾಗಲೇ ನಾನು ಮೇಲೆ ಹೇಳಿದ ಘೋಷಣೆ ಹೊರಡಿಸಿದ್ದು.

ಮೊದಲು ಆರಿಸಿದ್ದ ಪದವನ್ನು ಎಸೆದೆ. ಹೊಸ ಒಂಬತ್ತಕ್ಷರದ ಪದ ಸಿಟ್ಟಿನಲ್ಲೇ ಹೊಳೆಯಿತು. ಈ ಕೆಲಸದಲ್ಲಿ ನಾನು ಬೇರೆ, ಇವಳು ಬೇರೆ ಆದೆವಲ್ಲ, ಅದೇ ಇರಲಿ! ಬೇರ್ಪಟ್ಟವರು ಎಂಬುದಕ್ಕೆ ‘ಸೆಪರೇಟೆಡ್’. ಆಹಾ, ಎಂಥ ಪದ! ಬೆರಳಿನಲ್ಲಿ ಎಣಿಸಿದೆ. ಎಸ್, ಇ, ಪಿ, ಇ, ಆರ್, ಎ, ಟಿ, ಇ, ಡಿ. ಸರಿಯಾಗಿ ಒಂಬತ್ತು! ಅಕ್ಷರಗಳನ್ನು ಚೆಲ್ಲಾಪಿಲ್ಲಿ ಮಾಡಿ ಚಕ್ರಕ್ಕೆ ಹಾಕಿದೆ, ನಡುವೆ ಪಿ ಕೂರಿಸಿದೆ. ಸಣ್ಣ ಪದಗಳು ಇಪ್ಪತ್ತಮೂರು ಸಿಕ್ಕವು. ಇನ್ನು ಇಲ್ಲವೇ ಇಲ್ಲ ಎಂದು ಷರಾ ಬರೆದು ಪತ್ರಿಕೆಗೆ ಕಳಿಸಿದೆ. ಇಂಗ್ಲಿಷ್ ಬಲ್ಲವರು ಈಗಾಗಲೇ ತಲೆ ಚಚ್ಚಿಕೊಂಡಿರಬಹುದು. ಪಿ ಆದ ಮೇಲೆ ಅಲ್ಲಿ ಬರಬೇಕಾದದ್ದು ಎ. ನಾನು ಕೂರಿಸಿದ್ದು ಇ.

ಶುಕ್ರವಾರ ಪತ್ರಿಕೆ ಬಂತು. ಶನಿವಾರ ಮಾಂಸದಂಗಡಿಗೆ ಹೋದೆ. ಅಂಗಡಿಯ ಸಗ್ಡನ್ ನನ್ನ ನೋಡಿದ್ದೇ ಕಣ್ಣು ಮಿಟುಕಿಸಿದ.

“ಏನ್ ಯಜಮಾನ್ರೇ, ಡೆಸ್ಪರೇಟ್!”

ಡೆಸ್ಪರೇಟ್ ಅಂದರೆ ಹತಾಶ, ದಿಕ್ಕುಗೆಟ್ಟವನು. ನಾನು ಕೇಳಲು ಹೋದದ್ದು ಅರ್ಧ ಕೇಜಿ ಸಾಸೇಜು. ಅದಕ್ಕೆ ಹತಾಶೆ ಏಕೆ?

“ಹಾಗೇನಿಲ್ಲ,” ಅಂದೆ ಗಂಭೀರವಾಗಿ. “ಇದ್ದರೆ ಕೊಡು, ಇಲ್ಲದಿದ್ದರೆ ಬಿಡು.”

ಬಸ್ ನಿಲ್ದಾಣದಲ್ಲಿ ಪಾದ್ರಿಗಳ ಹೆಂಡತಿ ಬೆನ್ನು ತಟ್ಟಿ, “ಡೆಸ್ಪರೇಟ್, ಅಲ್ವಾ ಲೆನರ್ಡ್? ನನಗೆ ಥಟ್ಟಂತ ಗೊತ್ತಾಯ್ತು” ಅಂದರು. ಗ್ರಂಥಾಲಯದಲ್ಲೂ ಅದೇ, ಅಂಚೆಕಚೇರಿಯಲ್ಲೂ ಅದೇ. ಮನೆಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಂಡೆ. ಗಡ್ಡ ಸರಿಯಾಗಿಯೇ ಹೆರೆದಿದ್ದೆ. ಷರ್ಟಿನ ಗುಂಡಿಯೂ ಇತ್ತು. ನನ್ನಲ್ಲಿ ಹತಾಶೆಯ ಕಳೆ ಎಲ್ಲಿ ಕಂಡಿತು ಈ ಜನಕ್ಕೆ?

ಎನಿಡ್‌ಳನ್ನು ಕೇಳಿದೆ. ಅವಳು ಪತ್ರಿಕೆಯನ್ನು ನೋಡಿ, ನನ್ನನ್ನು ನೋಡಿ, “ಕಾಣ್ತೀಯಪ್ಪ ಸ್ವಲ್ಪ” ಅಂದಳು. ಮತ್ತೆ ಚಹಾ.

ಮುಂದಿನ ಶುಕ್ರವಾರ ಉತ್ತರ ಅಚ್ಚಾಯಿತು. ‘ಕಳೆದ ವಾರದ ಒಂಬತ್ತಕ್ಷರದ ಪದ’ ಎಂದು ಮೇಲೆ. ಅದರ ಕೆಳಗೆ ದೊಡ್ಡಕ್ಷರಗಳಲ್ಲಿ ನಾನು ಕಳಿಸಿದ ಹಾಗೆಯೇ ನನ್ನ ಸೆಪರೇಟೆಡ್, ಎ ಇರಬೇಕಾದ ಜಾಗದಲ್ಲಿ ಇ ಸಮೇತ.

ಹತ್ತು ಗಂಟೆಗೆ ಬಾಗಿಲು ಬಡಿದ ಸದ್ದು. ಮಿಸ್ ಬ್ರೇಥ್‌ವೇಟ್. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವರು. ನನಗೂ ಕಲಿಸಿದ್ದರು, ಅಥವಾ ಪ್ರಯತ್ನಪಟ್ಟಿದ್ದರು. ಈಗ ಊರುಗೋಲು ಹಿಡಿದಿದ್ದರೂ ದನಿ ತರಗತಿಯದೇ.

“ಲೆನರ್ಡ್, ಸೆಪರೇಟ್ ಬರೆಯೋದು ಹೇಗೆ? ಹೇಳು.”

ಹೇಳಿದೆ.

“ಈಗ ಎ ಹಾಕಿ ಹೇಳು.”

ಎ ಹಾಕಿ ಹೇಳಿದೆ. ಹೇಳುತ್ತಿದ್ದಂತೆಯೇ ನನ್ನ ತಪ್ಪು ನನಗೇ ಕೇಳಿಸಿತು.

“ಆವಾಗ್ಲೂ ನಿನಗೆ ಈ ಪದ ಬರ್ತಿರ್ಲಿಲ್ಲ,” ಅಂದರು. “ಪುಣ್ಯಕ್ಕೆ ನೀನು ತಪ್ಪಾಗಿ ಹಾಕಿದ ಒಂಬತ್ತು ಅಕ್ಷರ ಕಲಸಿದ್ರೆ ಡೆಸ್ಪರೇಟ್ ಅಂತ ಇನ್ನೊಂದು ಪದ ಆಗುತ್ತೆ. ಊರೆಲ್ಲ ಅದನ್ನೇ ಕಂಡುಹಿಡಿದು ನಿನ್ನ ಹೊಗಳ್ತಿದೆ. ನಿನ್ನ ದಡ್ಡತನಕ್ಕೂ ಎಂಥ ಅದೃಷ್ಟ ನೋಡು! ಸುಮ್ಮನಿದ್ದಿದ್ರೆ ಮಾನ ಉಳೀತಿತ್ತು. ಉತ್ತರ ಅಚ್ಚು ಹಾಕಿಸಿ ಕೆಡಿಸ್ಕೊಂಡೆ. ಮತ್ತೆ ಪದಗಳು ಇಪ್ಪತ್ತಮೂರಲ್ಲ, ಅದರ ಎರಡರಷ್ಟಿವೆ.”

ಅವರು ಹೋಗುವಷ್ಟರಲ್ಲಿ ಪತ್ರಿಕೆಯ ಸಂಪಾದಕನ ಫೋನು. ಕ್ರೇಗ್ ಲಮ್ಲಿ ಎಂಬ ಚಿಕ್ಕ ವಯಸ್ಸಿನವನು, ಒಳ್ಳೆಯವನು, ಅದೇ ನನಗೆ ಮುಳುವಾಯಿತು. ಕಚೇರಿಗೆ ಹೋದೆ.

“ಬೆಳಗ್ಗೆಯಿಂದ ಫೋನು ನಿಂತಿಲ್ಲ, ಲೆನರ್ಡ್,” ಅಂದ. “ಒಂದು ತಿದ್ದುಪಡಿ ಹಾಕ್ಲೇಬೇಕು. ‘ಪದಚಕ್ರ ಕಟ್ಟುವವರಿಂದ ಸ್ಪೆಲಿಂಗ್ ತಪ್ಪಾಗಿದೆ, ವಿಷಾದಿಸುತ್ತೇವೆ’ ಅಂತ.”

ಆ ಸಾಲು ನನ್ನ ಕಣ್ಣ ಮುಂದೆ ಅಚ್ಚಾಯಿತು. ಬೌಲ್ಸ್ ಕ್ಲಬ್ಬಿನ ಗೋಡೆಗೆ ಅದನ್ನು ಕತ್ತರಿಸಿ ಅಂಟಿಸಿದ್ದೂ ಕಂಡಿತು. ಸಾಮ್ರಾಟನಿಗೆ ಅಕ್ಷರ ಬಾರದು! ಆಗ ನನ್ನ ಬಾಯಿಂದ ಒಂದು ನಿಟ್ಟುಸಿರು ಹೊರಟಿತು. ನಿಟ್ಟುಸಿರಿನ ಹಿಂದೆಯೇ ಮಾತೂ ಹೊರಟಿತು.

“ಕ್ರೇಗ್, ಆ ಪದವೇ ಯಾಕೆ ಬಂತು ಅಂತ ಯೋಚಿಸಿದ್ಯಾ?”

“ಯಾಕೆ?”

“ಎನಿಡ್ ಮತ್ತು ನಾನು...” ಅಂದೆ. ಅಷ್ಟೇ. ಮೇಜಿನ ಅಂಚು ನೋಡುತ್ತಾ ಕುಳಿತೆ.

ಅವನ ಮುಖ ಬಿಳಚಿಕೊಂಡಿತು. “ಅಯ್ಯೋ ದೇವರೇ! ಸೆಪರೇಟೆಡ್! ಒಳಗೆ ಡೆಸ್ಪರೇಟ್ ಬೇರೆ! ಬರೆಯುವಾಗ ಕೈ ನಡುಗಿತಾ, ಲೆನರ್ಡ್?”

“ನಡುಗಿತು,” ಅಂದೆ.

“ತಿದ್ದುಪಡಿ ಹಾಳಾಗಲಿ. ನಾನಂತೂ ಯಾರಿಗೂ ಹೇಳಲ್ಲ.”

ಒಂದು ಅಕ್ಷರದ ಮಾನ ಉಳಿಸಿಕೊಳ್ಳಲು ನಾನು ಮದುವೆಯನ್ನೇ ಮುರಿದು ಬಂದಿದ್ದೆ. ಅದೂ ಹೆಂಡತಿಗೆ ತಿಳಿಸದೆ! ಕಚೇರಿಯ ಮೆಟ್ಟಿಲು ಇಳಿಯುವಾಗ ಶಿಳ್ಳೆ ಹಾಕಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ನಮ್ಮೂರಲ್ಲಿ ‘ಯಾರಿಗೂ ಹೇಳಲ್ಲ’ ಎಂದರೆ ಮಧ್ಯಾಹ್ನದ ಊಟದೊಳಗೆ ಹೇಳಿ ಮುಗಿಸುತ್ತೇವೆ ಎಂದರ್ಥ. ಸಂಜೆಗೆ ಮೊದಲ ಕಡುಬು ಬಂತು. ಹೊಸ್ತಿಲ ಮೇಲೆ, ಬಟ್ಟೆ ಮುಚ್ಚಿ ಇಟ್ಟ ಮಾಂಸದ ಪೈ, ಜೊತೆಗೊಂದು ಚೀಟಿ: ‘ಬಿಸಿ ಮಾಡಿಕೊಂಡು ತಿನ್ನಿ, ಧೈರ್ಯವಾಗಿರಿ.’ ಅದರ ಹಿಂದೆ ಆಲೂಗಡ್ಡೆ ಪೈ. ಪಾದ್ರಿಗಳ ಮನೆಯಿಂದ ಸೇಬಿನ ಪೈ. ನಮ್ಮ ಯಾರ್ಕ್‌ಷೈರಿನ ಜನ ಸಮಾಧಾನದ ಮಾತು ಆಡುವುದಿಲ್ಲ, ಬೇಯಿಸಿ ತರುತ್ತಾರೆ. ಎನಿಡ್ ಆ ದಿನಗಳಲ್ಲಿ ಮಧ್ಯಾಹ್ನವೆಲ್ಲ ಪಕ್ಕದ ಊರಿನ ಧರ್ಮಾರ್ಥದ ಅಂಗಡಿಯಲ್ಲಿ ಹಳೆಯ ಬಟ್ಟೆ ಮಾರಲು ಹೋಗುತ್ತಿದ್ದಳು. ಅವಳು ಬರುವುದರೊಳಗೆ ಪೈಗಳನ್ನೆಲ್ಲ ಎತ್ತಿ ಗ್ಯಾರೇಜಿಗೆ ಸಾಗಿಸಿದೆ. ಹುಲ್ಲು ಕತ್ತರಿಸುವ ಯಂತ್ರದ ಹಿಂದೆ ಜೋಡಿಸಿ ಮೇಲೆ ಗೋಣಿ ಹೊದಿಸಿದೆ. ಹೊಟ್ಟೆಗೆ ಹಾಕುವುದಾದರೂ ಎಷ್ಟನ್ನು? ಸ್ಪ್ಯಾನರುಗಳ ನಡುವೆ ನಿಂತುಕೊಂಡೇ ತಿಂದೆ. ಪಕ್ಕದ ಮನೆಯ ನಾಯಿ ಗ್ಯಾರೇಜಿನ ಬಾಗಿಲಿಗೆ ಮೂಗಿಟ್ಟು ಕಾವಲು ಕೂತಿತು.

“ಊಟ ಯಾಕೆ ಸೇರ್ತಿಲ್ಲ ನಿಂಗೆ?” ಎಂದಳು ಎನಿಡ್, ರಾತ್ರಿ ತಟ್ಟೆ ನೋಡಿ. ಬಹಳ ದಿನಗಳ ಮೇಲೆ ಅವಳ ದನಿಯಲ್ಲಿ ಕೋಪ ಇರಲಿಲ್ಲ. “ಮೈ ಸರಿಯಿಲ್ವಾ, ಲೆನ್?”

ಹೇಳಬೇಕಾದ ಹೊತ್ತು ಅದೇ ಆಗಿತ್ತು. “ಸ್ವಲ್ಪ ಹೊಟ್ಟೆ ಭಾರ,” ಅಂದೆ. ಅದೊಂದಾದರೂ ನಿಜ.

ಮಂಗಳವಾರ ಅವಳು ತಲೆಗೂದಲು ಸುರುಳಿ ಮಾಡಿಸಿಕೊಳ್ಳಲು ಹೋದಳು. ಹೋದವಳು ಅರ್ಧಕ್ಕೇ ಎದ್ದು ಬಂದಳು. ತಲೆಯ ಒಂದು ಬದಿಯಲ್ಲಿ ಗುಲಾಬಿ ರೋಲರುಗಳು, ಇನ್ನೊಂದು ಬದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲು ಮೆಲ್ಲಗೆ ಮುಚ್ಚಿದಳು. ದಡಾರನೆ ಹಾಕಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

“ಲೆನರ್ಡ್, ನಾನು ನಿನ್ನ ಬಿಟ್ಟು ಹೋಗಿದ್ದೀನಂತೆ.”

“ಹೌದಾ?” ಅಂದೆ.

“ಹ್ಞೂಂ. ತಲೆ ಬಾಚೋ ಹುಡುಗಿ ನನ್ನ ನೋಡಿ ಬಾಚಣಿಗೆ ಕೆಳಗೆ ಹಾಕಿದ್ಲು. ‘ಮತ್ತೆ ಬಂದ್ರಾ?’ ಅಂದ್ಲು. ನಾನು ಬ್ರಿಡ್ಲಿಂಗ್ಟನ್‌ನಲ್ಲಿ ಸುಖವಾಗಿದ್ದೀನಂತೆ. ಅಲ್ಲೊಬ್ಬ ಮೀನು ಮಾರೋನ ಜೊತೆ ಓಡಾಡ್ತಿದ್ದೀನಂತೆ.”

“ಮೀನಿನವನ ವಿಷಯ ನಾನು ಹೇಳೇ ಇಲ್ಲ!” ಎಂದು ಕಿರುಚಿದೆ.

ಅವಳು ತಲೆಯಿಂದ ಒಂದು ರೋಲರು ಕಿತ್ತು ಮೇಜಿನ ಮೇಲಿಟ್ಟಳು.

“ಅಂದ್ರೆ ಮಿಕ್ಕದ್ದು ಹೇಳಿದ್ದು ನೀನು,” ಅಂದಳು.

ಇನ್ನು ಮುಚ್ಚಿಡಲು ಏನಿತ್ತು? ಹೇಳಿದೆ. ಸ್ಪೆಲಿಂಗು, ಮಿಸ್ ಬ್ರೇಥ್‌ವೇಟ್, ಕ್ರೇಗ್, ತಿದ್ದುಪಡಿ, ಗ್ಯಾರೇಜಿನ ಪೈಗಳು, ಎಲ್ಲ. ಪೈಗಳ ಮಾತು ಬಂದಾಗ ನಗುತ್ತಾಳೇನೋ ಎಂದು ಆಸೆಯಿಂದ ನೋಡಿದೆ. ನಗಲಿಲ್ಲ.

“ಆ ಪದ ನಿಂಗೆ ಬರಲ್ಲ ಅಂತ ನಂಗೆ ಮದುವೆಯಾದಾಗಿಂದ ಗೊತ್ತು,” ಅಂದಳು. “ಅದು ಮಾತ್ರ ಅಲ್ಲ, ಇನ್ನೂ ಬೇಕಾದಷ್ಟು. ಪ್ರತಿ ವಾರ ತಿದ್ದಿದೆ. ಒಂದು ದಿನ ಯಾರ ಹತ್ರನಾದ್ರೂ ಆಡಿದ್ನಾ? ನಿನ್ನ ಮಾನ ನಾನು ಪೆನ್ಸಿಲ್ಲಿಂದ ಕಾದೆ ಕಣೋ. ನೀನು ಒಂದು ಎ ಅಕ್ಷರಕ್ಕೋಸ್ಕರ ನನ್ನ ಊರ ಬಾಯಿಗೆ ಹಾಕಿದೆ.”

“ಹೋಗಲಿ ಬಿಡು, ನಾಲ್ಕು ದಿನ ಮಾತಾಡ್ತಾರೆ, ಮರೀತಾರೆ. ನೀನು ಹೋಗಿಲ್ಲ ಅಂತ ಎಲ್ಲರಿಗೂ ಕಣ್ಣಿಗೇ ಕಾಣುತ್ತಲ್ಲ.”

“ಅದೇ ಈಗ ತೊಂದರೆ,” ಎಂದು ಅವಳು ಮಹಡಿ ಹತ್ತಿದಳು. ಸೂಟ್‌ಕೇಸು ಮಂಚದ ಕೆಳಗಿಂದ ಎಳೆದ ಸದ್ದು ಕೇಳಿಸಿತು. “ಊರವರು ಸುಳ್ಳುಗಾರರಾಗಬಾರದಲ್ಲ!”

ಅವಳು ಕೆಳಗೆ ಬರುವ ಹೊತ್ತಿಗೆ ತಲೆಗೊಂದು ಸ್ಕಾರ್ಫ್ ಕಟ್ಟಿದ್ದಳು. ಆ ಗಳಿಗೆಯಲ್ಲಿ ಸಾಮಾನ್ಯ ಬುದ್ಧಿಯ ಯಾವ ಗಂಡಸಾದರೂ ಏನಾದರೊಂದು ಒಳ್ಳೆಯ ಮಾತು ಆಡುತ್ತಿದ್ದ. ಪದಸಾಮ್ರಾಟನಿಗೆ ಹೊಳೆದದ್ದು ಇಷ್ಟು: “ಚಹಾ ಮಾಡ್ಲಾ?”

ಆಮೇಲೆ ಒಂದು ಬೀರು ತೆರೆದೆ, ತಟ್ಟೆಗಳು. ಇನ್ನೊಂದು ತೆರೆದೆ, ಹಿಟ್ಟು. ಮೂರನೆಯದರಲ್ಲಿ ಬೂಟ್ ಪಾಲಿಷು.

“ಸಿಂಕಿನ ಮೇಲೆ, ಎಡಗಡೆ,” ಎಂದು ಹೇಳಿ ಎನಿಡ್ ಬಸ್ಸಿಗೆ ಹೋದಳು.

ಅವಳ ತಂಗಿ ಮ್ಯಾವಿಸ್ ಇರುವುದು ಬ್ರಿಡ್ಲಿಂಗ್ಟನ್‌ನಲ್ಲೇ, ಸಮುದ್ರದ ದಂಡೆಗೆ ಎರಡು ಬೀದಿ ಹಿಂದೆ. ಎರಡು ದಿನದಲ್ಲಿ ಬರುತ್ತಾಳೆ ಎಂದುಕೊಂಡೆ. ಬರಲಿಲ್ಲ. ಪೈಗಳು ಮುಗಿದವು. ಎನಿಡ್ ನಿಜವಾಗಿ ಹೋದ ಮೇಲೆ ಒಬ್ಬರೂ ಹೊಸದಾಗಿ ತರಲಿಲ್ಲ. ಜನರ ಮಟ್ಟಿಗೆ ಅದು ಹಳೆಯ ಸುದ್ದಿ! ಖಾಲಿ ತಟ್ಟೆಗಳನ್ನು ತೊಳೆದು ಮನೆಮನೆಗೆ ಹಿಂತಿರುಗಿಸುತ್ತಾ ತಿರುಗಿದೆ. ಯಾರೂ ನನ್ನನ್ನು ಬೈಯಲಿಲ್ಲ. ‘ಪಾಪ’ ಎನ್ನುತ್ತಿದ್ದರು. ಮೀನಿನವನನ್ನು ಬೈಯುತ್ತಿದ್ದರು. ಇಲ್ಲದ ಮೀನಿನವನೊಬ್ಬ ನನ್ನ ಪಾಲಿನ ಬೈಗುಳವನ್ನೆಲ್ಲ ಉಣ್ಣುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ. ತಲೆಯಾಡಿಸಿ ಮನೆಗೆ ಬಂದರೆ, ಹೆಂಡತಿಯನ್ನು ಎರಡನೆಯ ಸಲ ಮಾರಿ ಬಂದ ಹಾಗಿರುತ್ತಿತ್ತು.

ಪದಚಕ್ರಕ್ಕೆ ಕೂತರೆ ಅಕ್ಷರಗಳು ಇರುವೆಗಳಂತೆ ಹರಿದಾಡಿದವು. ಹೆದರಿ ಪ್ರತಿಯೊಂದು ಪದಕ್ಕೂ ನಿಘಂಟು ತೆಗೆದೆ. ಒಂದು ಚಕ್ರ ಮುಗಿಸಲು ವಾರವೆಲ್ಲ ಹಿಡಿಯಿತು. ಕಳಿಸಬೇಕು ಎನ್ನುವಷ್ಟರಲ್ಲಿ ಕ್ರೇಗ್‌ನ ಫೋನು.

“ಲೆನರ್ಡ್, ಇಂಥ ದುಃಖದಲ್ಲಿ ನಿಮಗೆ ಈ ಕೆಲಸ ಬೇಡ. ಮನಸ್ಸಿಗೆ ವಿಶ್ರಾಂತಿ ಬೇಕು.”

“ದುಃಖ ಏನಿಲ್ಲ ಕಣಯ್ಯ, ನಾನು ಗಟ್ಟಿಮುಟ್ಟಾಗಿದ್ದೀನಿ!”

“ಹಾಗೇ ಅಂತೀರಿ. ಕೈ ನಡುಗುತ್ತೆ ಅಂತ ನೀವೇ ಹೇಳಿದ್ರಲ್ಲ. ಎನಿಡ್ ಒಂದು ಚಕ್ರ ಕಳಿಸಿದ್ದಾರೆ. ಎಲ್ಲಾ ಪದಗಳೂ ಇವೆ, ಒಂದೂ ಬಿಟ್ಟಿಲ್ಲ. ಮಿಸ್ ಬ್ರೇಥ್‌ವೇಟ್‌ಗೆ ತೋರಿಸ್ದೆ. ಅವರು ‘ಕೊನೆಗೂ’ ಅಂದ್ರು.”

ನನ್ನ ಸುಳ್ಳು ನನ್ನನ್ನೇ ಕೆಲಸದಿಂದ ತೆಗೆದುಹಾಕಿತ್ತು, ಅದೂ ಕನಿಕರದಿಂದ!

ಶುಕ್ರವಾರ ಅಂಗಡಿ ತೆರೆಯುವ ಮೊದಲೇ ನಿಂತು ಪತ್ರಿಕೆ ಕೊಂಡೆ. ಕೊನೆಯ ಪುಟ. ಚಕ್ರದ ಕೆಳಗೆ ‘ಎನಿಡ್ ಹೋಲ್ರಾಯ್ಡ್’. ಅವಳ ತವರಿನ ಹೆಸರು. ಅದನ್ನು ಅಚ್ಚಿನಲ್ಲಿ ನೋಡಿದ್ದು ನಮ್ಮ ಮದುವೆಯ ಆಮಂತ್ರಣದ ನಂತರ ಅದೇ ಮೊದಲು.

ಆದರೂ ಬಿಡುವವನಲ್ಲ ನಾನು! ಅವಳ ಚಕ್ರವನ್ನು ಒಂದೇ ಉಸಿರಿಗೆ ಬಿಡಿಸಿ, ಫೋನು ಮಾಡಿ, ‘ಬಹಳ ಸುಲಭವಾಗಿತ್ತು’ ಎಂದು ಹೇಳಬೇಕು. ನಡುವೆ ಜಿ. ಸುತ್ತಲೂ ಎ, ಪಿ, ಎಲ್, ಐ, ಎಸ್, ಇ, ಎರಡು ಓ. ಪೆನ್ಸಿಲು ಕಚ್ಚಿ ಕೂತೆ. ಮೊದಲು ಸಿಕ್ಕಿದ್ದು ಗೂಸ್, ಅಂದರೆ ಹೆಬ್ಬಾತು, ಬೈಗುಳದಲ್ಲಾದರೆ ಪೆದ್ದ. ಎರಡನೆಯದು ಪಿಗ್ಸ್, ಹಂದಿಗಳು. ಮೂರನೆಯದು ಈಗೋಸ್, ಅಹಂಕಾರಗಳು. ಚಕ್ರ ನನ್ನನ್ನು ಬೈಯುತ್ತಿದೆಯೇನೋ ಅನ್ನಿಸಿತು. ದೊಡ್ಡ ಪದ ಮಾತ್ರ ಸಿಗಲೊಲ್ಲದು. ಹಾಲು ತರಲು ಹೋದರೆ ಮಾಂಸದಂಗಡಿಯ ಬಾಗಿಲಲ್ಲಿ ನಿಂತಿದ್ದ ಸಗ್ಡನ್ ಕೂಗಿದ.

“ಸಿಕ್ತಾ ಯಜಮಾನ್ರೇ, ಒಂಬತ್ತಕ್ಷರದ್ದು?”

“ಇನ್ನೂ ಇಲ್ಲ.”

“ಅಯ್ಯೋ! ನಮಗೆಲ್ಲ ಸಿಕ್ತು. ನಿಮಗೆ ಸಿಗಬೇಕಾಗಿತ್ತಪ್ಪ ಮೊದಲು.” ಅವನು ಕಣ್ಣು ಮಿಟುಕಿಸಲಿಲ್ಲ.

ಪಾದ್ರಿಗಳ ಹೆಂಡತಿ ಎದುರಿಗೆ ಬಂದವರು ನನ್ನನ್ನು ನೋಡಿ ರಸ್ತೆ ದಾಟಿಬಿಟ್ಟರು. ಮಿಸ್ ಬ್ರೇಥ್‌ವೇಟ್ ಕಿಟಕಿಯಿಂದಲೇ ಊರುಗೋಲು ಎತ್ತಿ ಮನೆಯ ಕಡೆ ತೋರಿಸಿದರು, ಹೋಗಿ ಪಾಠ ಓದು ಎಂಬಂತೆ. ಹಾಲಿಲ್ಲದೆ ವಾಪಸು ಬಂದೆ. ಮಧ್ಯಾಹ್ನ ಕಳೆಯಿತು. ಸಂಜೆಯಾಗುತ್ತಿದ್ದಂತೆ ಅಕ್ಷರಗಳು ತಾವಾಗಿಯೇ ಸರಿದು ಸಾಲಾಗಿ ನಿಂತವು. ಎ, ಪಿ, ಓ, ಎಲ್, ಓ, ಜಿ, ಐ, ಎಸ್, ಇ. ಅಪಾಲಜೈಸ್! ಕ್ಷಮೆ ಕೇಳು! ಒಂಬತ್ತಕ್ಕೆ ಒಂಬತ್ತು! ನಿಘಂಟಿಲ್ಲದೆ, ಎನಿಡ್ ಇಲ್ಲದೆ! ಕುರ್ಚಿಯಿಂದ ನೆಗೆದು ಬ್ರಿಡ್ಲಿಂಗ್ಟನ್ನಿಗೆ ಫೋನು ಮಾಡಿದೆ. ಎನಿಡ್ ಎತ್ತಿದಳು.

“ಸಿಕ್ತು ಕಣೇ!”

“ಏನು?”

“ನಿನ್ನ ಒಂಬತ್ತಕ್ಷರದ್ದು! ಅಪಾಲಜೈಸ್!”

ಆ ಕಡೆ ಕುರ್ಚಿ ಎಳೆದುಕೊಂಡು ಕೂತ ಸದ್ದು ಕೇಳಿಸಿತು.

“ಹೌದು,” ಅಂದಳು ಮೆತ್ತಗೆ. “ಅದೇ.”

“ಹೇಗೆ! ನಾನೊಬ್ಬನೇ ಕಂಡುಹಿಡಿದೆ!”

“ಸರಿ, ಲೆನ್. ಮುಂದೆ?”

“ಮುಂದೆ ಏನು? ಒಂಬತ್ತೂ ಮುಗೀತಲ್ಲ!”

ಫೋನು ಕಟ್ಟಾಯಿತು.

ಲೈನು ಕೆಟ್ಟಿರಬೇಕು ಎಂದುಕೊಂಡೆ. ಗೆಲುವಿನ ಲೆಕ್ಕದಲ್ಲಿ ಚಹಾ ಮಾಡಿಕೊಂಡೆ, ಹಾಲಿಲ್ಲದ್ದು. ಕುರ್ಚಿಗೆ ಒರಗಿ, ನನ್ನ ಕೈಯಾರೆ ಬರೆದ ಆ ಪದವನ್ನು ಮೆಚ್ಚಿಕೊಳ್ಳುತ್ತಾ ಒಂದು ಗುಟುಕು ಕುಡಿದೆ. ಎರಡನೆಯ ಗುಟುಕಿಗೆ ಅದನ್ನು ಓದಿದೆ. ಬರೆದದ್ದು ಆಗಲೇ, ಓದಿದ್ದು ಈಗ. ಲೋಟ ಮೇಜಿನ ಮೇಲೆ ಚೆಲ್ಲಿತು. ಬೆರಳು ನಡುಗಿದವು, ಈ ಸಲ ನಿಜವಾಗಿ. ಮತ್ತೆ ನಂಬರು ಒತ್ತಿದೆ. ಬಹಳ ಹೊತ್ತು ಗಂಟೆ ಬಾರಿಸಿದ ಮೇಲೆ ಎತ್ತಿದವಳು ತಂಗಿ ಮ್ಯಾವಿಸ್.

“ಎನಿಡ್‌ಳನ್ನ ಕರಿ, ಮ್ಯಾವಿಸ್! ಒಂದು ಮಾತು ಹೇಳಬೇಕು. ಒಂದೇ ಮಾತು!”

ಮ್ಯಾವಿಸ್ ಫೋನಿಗೆ ಕೈ ಅಡ್ಡ ಹಿಡಿದು ಒಳಗೆ ಏನೋ ಕೇಳಿದಳು. ಒಳಗಿಂದ ಏನೋ ಉತ್ತರ ಬಂತು. ಆಮೇಲೆ ಕೈ ತೆಗೆದಳು.

“ಭಾವ, ಉತ್ತರ ತಗೊಳ್ಳೋ ಹೊತ್ತು ಮುಗೀತಂತೆ.”